ಮುನಿಕೆಂಪಮ್ಮನ ಮೊರ

ಶೆಟ್ಟಿಹಳ್ಳಿಯ ಮುನಿಕೆಂಪಮ್ಮ ಅಡುಗೆಯವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಯಾರಾದರೂ ಬಾಯಿತಪ್ಪಿ ಹಾಗೆ ಕರೆದರೆ ಆಕೆ ಎರಡು ದಿನ ಅವರ ಮುಖ ನೋಡುತ್ತಿರಲಿಲ್ಲ. "ಸೌಟು ಯಾರ್ ಬೇಕಾದ್ರೂ ತಿರುಗುಸ್ತಾರೆ" ಎನ್ನುವುದು ಆಕೆಯ ಮಾತು. ಹತ್ತಾರು ನೆಂಟರು ಸೇರುವ ಮನೆಯಲ್ಲಿ ಏನೇನು ಅಡಬೇಕು, ಯಾವುದರ ಹಿಂದೆ ಯಾವುದು ಎಲೆಗೆ ಬೀಳಬೇಕು, ಎಷ್ಟು ಮಾಡಿದರೆ ಸಾಲದೆ ಹೋಗದೆ ದಂಡವಾಗದೆ ಸರಿಹೋಗುತ್ತದೆ ಎಂದು ಗೊತ್ತು ಮಾಡಿಕೊಡುವುದು ಆಕೆಯ ಕೆಲಸ. ಹೆಸರಿಡುವ ಶಾಸ್ತ್ರವಿರಲಿ, ಯುಗಾದಿಯ ಮಾರನೆಯ ದಿನದ ಹೊಸತೊಡಕಿರಲಿ, ಹಿರಿಯರ ಹಬ್ಬವಿರಲಿ, ದಿನ ಗೊತ್ತಾಗುತ್ತಲೇ ಆ ಮನೆಯ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮುನಿಕೆಂಪಮ್ಮನ ಜಗಲಿಗೆ ಬಂದು ಕೂರುತ್ತಿದ್ದಳು.

ಆಕೆ ಕೇಳುತ್ತಿದ್ದುದು ಮೂರೇ ಪ್ರಶ್ನೆ. ಯಾರು ಬರುತ್ತಾರೆ? ನಡೆದು ಬರುತ್ತಾರೋ, ಗಾಡಿಯಲ್ಲಿ ಬರುತ್ತಾರೋ? ಹಿಂದಿನ ದಿನ ಅವರ ಮನೆಯಲ್ಲಿ ಏನು ಮಾಡಿರುತ್ತಾರೆ? ಪಕ್ಕದ ಸಿಂಗಾಪುರ ಹಳ್ಳಿಯಿಂದ ಬಿಸಿಲಲ್ಲಿ ನಡೆದು ಬರುವವರಿಗೆ ಮೊದಲು ಪಾನಕ ಕೊಡಬೇಕು, ಕೊಟ್ಟು ಒಂದು ಗಳಿಗೆ ಬಿಡಬೇಕು. ಗಾಡಿಯಲ್ಲಿ ಕುಲುಕಿಕೊಂಡು ಬಂದವರಿಗೆ ಹಸಿವು ಕೆರಳಿರುತ್ತದೆ, ಅವರನ್ನು ನೇರ ಎಲೆಯ ಮುಂದೆ ಕೂರಿಸಬೇಕು. ಹಿಂದಿನ ದಿನ ಒಬ್ಬಟ್ಟು ತಿಂದವರಿಗೆ ಮತ್ತೆ ಒಬ್ಬಟ್ಟು ಬಡಿಸುವುದೆಂದರೆ ಆಕೆಯ ಪ್ರಕಾರ ಬಂದವರ ಮುಖಕ್ಕೆ ಬಾಗಿಲು ಹಾಕಿಕೊಂಡಷ್ಟೇ ತಪ್ಪು.

ಜಾಲಹಳ್ಳಿಯಲ್ಲಿ ಕಾರ್ಖಾನೆ ಬಂದ ಮೇಲೆ ಕ್ವಾರ್ಟರ್ಸಿನ ಅಮ್ಮಾವರೊಬ್ಬರು ಮಗನ ಬರ್ತ್‌ಡೇ ಪಾರ್ಟಿಗೆಂದು ಆಕೆಯನ್ನು ಹುಡುಕಿಕೊಂಡು ಬಂದರು. ಬರ್ತ್‌ಡೇ ಎಂದರೇನೆಂದು ಮುನಿಕೆಂಪಮ್ಮ ವಿಚಾರಿಸಲಿಲ್ಲ. "ಮಕ್ಳು ಆಡಿ ಬಂದು ತಿಂತವೋ, ತಿಂದು ಆಡ್ತವೋ?" ಎಂದಷ್ಟೇ ಕೇಳಿದಳು. ತಿಂದು ಆಡುತ್ತವೆ ಎಂದು ತಿಳಿದ ಮೇಲೆ ಅಮ್ಮಾವರು ಹೇಳಿದ್ದ ಎಣ್ಣೆಯ ಪೂರಿಯನ್ನು ಕಿತ್ತುಹಾಕಿ ಕಡಲೆಕಾಯಿ ಉಂಡೆ, ಬಾಳೆಹಣ್ಣು, ಬೇಲದ ಪಾನಕ ಗೊತ್ತು ಮಾಡಿದಳು. ಯಶವಂತಪುರದ ಸ್ಟೇಷನ್ನಿಗೆ ಜಟಕಾ ಹೊಡೆಯುವ ನೂರುಲ್ಲಾ ಮನೆ ಕಟ್ಟಿ, ತನ್ನವರನ್ನೂ ಹಿಂದೂ ಗೆಳೆಯರನ್ನೂ ಒಂದೇ ದಿನ ಕರೆಯುವ ಸಂಕಟಕ್ಕೆ ಸಿಕ್ಕಿದಾಗಲೂ ಆಕೆಯ ಹತ್ತಿರವೇ ಬಂದ. "ಎರಡೊಲೆ ಊಡ್ಸಿ ಸಾಬ್ರೇ, ಅಡ್ಗೆನೂ ಎರಡು ತರ ಮಾಡ್ಸಿ. ಸಿಹಿ ಮಾತ್ರ ಎಲ್ರಿಗೂ ಒಂದೇ ಶಾವಿಗೆ ಪಾಯ್ಸ ಇರ್ಲಿ. ಎದ್ದು ಓಗೋವಾಗ ಎಲ್ರ ಬಾಯಲ್ಲೂ ಒಂದೇ ರುಚಿ ಇರ್ಬೇಕು" ಎಂದಳು. ನೂರುಲ್ಲಾ ಅಂದಿನಿಂದ ಆಕೆಯನ್ನು ಜಟಕಾದಲ್ಲಿ ಬಿಟ್ಟು ಬರುವಾಗ ಹಿಂದಿನ ಸೀಟಿಗೆ ಜಮಖಾನೆ ಹಾಸುತ್ತಿದ್ದ.

ಆಕೆಗೆ ಓದುಬರಹ ಬಾರದು. ಊರಿನ ದೊಡ್ಡ ಅಡುಗೆಗಳಿಗೆಲ್ಲ ನಿಲ್ಲುವ ಬೈರಮ್ಮನಿಗೂ ಬಾರದು. ಹಾಗಾಗಿ ಊಟದ ಪಟ್ಟಿಯೆಲ್ಲ ಮೊರದ ಮೇಲೆ. ಮೊರದ ಬಾಯಿಯ ಕಡೆ ಇಟ್ಟದ್ದು ಮೊದಲು ಬಡಿಸುವುದು, ಹಿಂದಕ್ಕೆ ಹೋದ ಹಾಗೆ ಕೊನೆಯದು. ಒಂದು ಚಿಟಿಕೆ ರಾಗಿ ಇಟ್ಟರೆ ಮುದ್ದೆ, ಅಕ್ಕಿ ಇಟ್ಟರೆ ಅನ್ನ, ತೊಗರಿಬೇಳೆ ಎಂದರೆ ಒಬ್ಬಟ್ಟು, ಬೆಲ್ಲದ ಚೂರೆಂದರೆ ಪಾಯಸ, ಒಣಮೆಣಸಿನಕಾಯಿ ಎಂದರೆ ಬಾಡು. ಅಂಚಿನಲ್ಲಿ ಹತ್ತು ಜನಕ್ಕೆ ಒಂದರಂತೆ ಹುಣಸೆಬೀಜ. ಆ ಮೊರದ ಮೇಲೆ ಇನ್ನೊಂದು ಮೊರ ಬೋರಲು ಹಾಕಿ ಅಡುಗೆಮನೆಗೆ ಕಳಿಸಿದರೆ ಮುಗಿಯಿತು, ಬೈರಮ್ಮ ಮುಚ್ಚಳ ತೆಗೆದು ಒಂದು ಸಲ ನೋಡಿ ಒಲೆ ಹೊತ್ತಿಸುತ್ತಿದ್ದಳು. ಮೊರ ಹಿಂದಿರುಗುವಾಗ ಅದರಲ್ಲಿ ಎಲೆ ಅಡಿಕೆಯೂ ಆ ಮನೆಯ ಸಿಹಿಯೂ ಇರುತ್ತಿದ್ದವು. ಗಂಡ ಬ್ಯಾಟರಾಯಪ್ಪ ದ್ರಾಕ್ಷಿ ತೋಟದಿಂದ ಬಂದವನೇ ಕೈ ಕೂಡ ತೊಳೆಯದೆ ಮೊದಲು ಮೊರಕ್ಕೆ ಕೈ ಹಾಕುತ್ತಿದ್ದ.

ಇಷ್ಟು ಹೆಸರು ಮಾಡಿದವಳು ಎಡವಿದ್ದು ತನ್ನ ಮಗಳ ಮದುವೆಯಲ್ಲಿ.

ಒಬ್ಬಳೇ ಮಗಳು ವರಲಕ್ಷ್ಮಮ್ಮನನ್ನು ಐವತ್ತೊಂಬತ್ತರಲ್ಲಿ ಚಿಕ್ಕಜಾಲದ ರಾಮಕೃಷ್ಣಪ್ಪನಿಗೆ ಕೊಟ್ಟರು. ಆ ಮನೆಯಲ್ಲಿ ಹಿರಿತಲೆ ಎಂದರೆ ರಾಮಕೃಷ್ಣಪ್ಪನ ಅಜ್ಜಿ ದೊಡ್ಡಮುನಿಯಮ್ಮ. ಎಪ್ಪತ್ತರ ಮೇಲಾಗಿದ್ದರೂ ಆಕೆ ಕೆಮ್ಮಿದರೆ ಮನೆಯ ಗಂಡಸರು ಬೀಡಿ ಆರಿಸುತ್ತಿದ್ದರು. ತಿರುಪತಿಗೆ ಹೋಗಿ ಬಂದ ಮೇಲೆ ಅಜ್ಜಿ ಬಾಡು ಬಿಟ್ಟಿದ್ದಳು. ಮುನಿಕೆಂಪಮ್ಮ ಇದನ್ನು ವಿಚಾರಿಸಿ ತಿಳಿದುಕೊಂಡಿದ್ದಳು, ಹೆಸರುಕಾಳು ಸಾರೆಂದರೆ ಅಜ್ಜಿಗೆ ಇಷ್ಟ ಎಂಬುದನ್ನೂ ತಿಳಿದುಕೊಂಡಿದ್ದಳು. ಮದುವೆಯಾದ ಮೇಲಿನ ಬೀಗರೂಟ ಎಂದರೆ ಕೋಳಿ, ಕುರಿ ಇಲ್ಲದೆ ಆಗುವುದಿಲ್ಲ. ಅದಕ್ಕೇ ಮೊರದಲ್ಲಿ ಮೆಣಸಿನಕಾಯಿಗಳನ್ನೆಲ್ಲ ಒಂದು ಕಡೆ ಇಟ್ಟು, ಬೇರೆ ಪಾತ್ರೆ, ಬೇರೆ ಒಲೆ ಎನ್ನುವ ಹಾಗೆ ಇನ್ನೊಂದು ಮೂಲೆಯಲ್ಲಿ ಒಂದು ಹಿಡಿ ಹೆಸರುಕಾಳು ಇಟ್ಟಳು.

ಮುಚ್ಚುವ ಮೊರವನ್ನು ಯಾರೋ ವೀಳ್ಯದೆಲೆ ಹರಡುವುದಕ್ಕೆ ತೆಗೆದುಕೊಂಡು ಹೋಗಿದ್ದರು. ಅಷ್ಟರಲ್ಲಿ ಆರತಿಗೆ ಕರೆ ಬಂತು. ಒಂದು ಗಳಿಗೆ ತಾನೇ ಎಂದು ಮುನಿಕೆಂಪಮ್ಮ ಮೊರವನ್ನು ಹಿತ್ತಲ ಕಟ್ಟೆಯ ಮೇಲೆ ಹಾಗೆಯೇ ಬಿಟ್ಟು ಹೋದಳು. ಸಾರಿಗೆಂದು ತಂದಿದ್ದ ಕೋಳಿಗಳಲ್ಲಿ ಒಂದು ಕೆಂಪು ಹ್ಯಾಟೆ ಕಾಲಿನ ನಾರು ಬಿಚ್ಚಿಕೊಂಡು ಕಟ್ಟೆ ಹತ್ತಿತು. ರಾಗಿ, ಅಕ್ಕಿ ತಿಂದಿದ್ದರೆ ನಷ್ಟವಿರಲಿಲ್ಲ, ಮುದ್ದೆ ಅನ್ನ ಮಾಡಬೇಕೆಂದು ಬೈರಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಣಮೆಣಸಿನಕಾಯಿ, ಹುಣಸೆಬೀಜ ಹ್ಯಾಟೆಗೆ ಬೇಕಿರಲಿಲ್ಲ. ಅದು ಮೂಲೆಯಲ್ಲಿದ್ದ ಹೆಸರುಕಾಳನ್ನು ಒಂದೂ ಬಿಡದೆ ಹೆಕ್ಕಿತು.

ಬೈರಮ್ಮ ಮೊರದಲ್ಲಿ ಉಳಿದದ್ದನ್ನು ನೋಡಿ ಅಡುಗೆ ಮಾಡಿಸಿದಳು. ಆ ಕೆಂಪು ಹ್ಯಾಟೆಯನ್ನು ಹಿಡಿದು ಕೊಯ್ದಾಗ ಅದರ ಗಂಟಲ ಚೀಲದ ತುಂಬ ಹೆಸರುಕಾಳು ಕಂಡಿತು. "ಒಳ್ಳೆ ಮೇವು ತಿಂದು ಕೊಬ್ಬೈತೆ" ಎಂದುಕೊಂಡಳೇ ಹೊರತು ಬೇರೆ ಯೋಚನೆ ಅವಳ ತಲೆಗೆ ಬರಲಿಲ್ಲ.

ಪಂಕ್ತಿಯಲ್ಲಿ ದೊಡ್ಡಮುನಿಯಮ್ಮನ ಎಲೆಗೆ ಯಾರೋ ಕೋಳಿ ಸಾರು ಬಡಿಸಲು ಬಂದರು. ಅಜ್ಜಿ ಎಲೆಗೆ ಕೈ ಅಡ್ಡ ಹಿಡಿದು ಬೇರೆ ಸಾರು ಕೇಳಿದಳು. ಬೇರೆ ಸಾರು ಇರಲಿಲ್ಲ. ಉಪ್ಪು ಮಜ್ಜಿಗೆ ಹಾಕಿಸಿಕೊಂಡು ನಾಲ್ಕು ತುತ್ತು ಅನ್ನ ಉಂಡು, ಎದ್ದು ಹೋಗಿ ಗಾಡಿಯಲ್ಲಿ ಕೂತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಮುನಿಕೆಂಪಮ್ಮ ಆಮೇಲೆ ಎಷ್ಟು ಸಲ ಅಂದುಕೊಂಡಳೋ ಲೆಕ್ಕವಿಲ್ಲ.

ಸಾಯಂಕಾಲ ಮೊರ ತೊಳೆಯಲು ಹೋದಾಗ ಕೋಳಿಯ ಹಿಕ್ಕೆ ಕಂಡಿತು. ಬೈರಮ್ಮ ಗಂಟಲ ಚೀಲದ ಮಾತು ತೆಗೆದಳು. ನಡೆದದ್ದು ಇಬ್ಬರಿಗೂ ಆಗ ಹೊಳೆಯಿತು. ಸಾಕ್ಷಿ ಹೇಳಬೇಕಾಗಿದ್ದ ಹ್ಯಾಟೆಯನ್ನು ಬೀಗರೇ ಚಪ್ಪರಿಸಿಕೊಂಡು ಉಂಡು ಹೋಗಿದ್ದರು.

"ಕೋಳಿ ಮ್ಯಾಲೆ ತಪ್ಪು ಒರ್ಸೋಕೆ ಓದ್ರೆ ಊರೇ ನಗ್ತದೆ, ಸುಮ್ಕಿರು" ಎಂದ ಬ್ಯಾಟರಾಯಪ್ಪ. ಆಕೆ ಸುಮ್ಮನಿದ್ದಳು. ಆದರೆ ಚಿಕ್ಕಜಾಲದಿಂದ ಒಂದು ಮಾತು ಬಂತು: "ಉಣ್ಣಾಕೆ ಸಾರಿಲ್ದಿರೋ ಮನೇಲಿ ನಮ್ ಸೊಸೆ ಯಾಕೆ ಉಳೀಬೇಕು?" ಅಲ್ಲಿಂದ ಮೂರು ವರ್ಷ ವರಲಕ್ಷ್ಮಮ್ಮ ಯುಗಾದಿಗೂ ಗೌರಿ ಹಬ್ಬಕ್ಕೂ ಬೆಳಗ್ಗೆ ಬಂದು ಹೊತ್ತು ಮುಳುಗುವುದರೊಳಗೆ ಹೊರಟುಬಿಡುತ್ತಿದ್ದಳು. ತವರಿನಲ್ಲಿ ಒಂದು ರಾತ್ರಿಯೂ ಮಲಗಲಿಲ್ಲ. ಗಂಡ ಒಳ್ಳೆಯವನು, ಮನೆ ತುಂಬಿದ ಮನೆ, ಕೊರತೆ ಏನೂ ಇರಲಿಲ್ಲ. ತಾಯಿಯ ಹೊಟ್ಟೆಯ ಸಂಕಟ ಮಾತ್ರ ಬೇರೆ. ಮುನಿಕೆಂಪಮ್ಮ ಊರಿನವರಿಗೆ ಮೊರ ಹಾಕುವುದನ್ನು ನಿಲ್ಲಿಸಲಿಲ್ಲ, ಆದರೆ ಆ ಮೂರು ವರ್ಷ ಯಾರ ಮೊರದಲ್ಲೂ ಹೆಸರುಕಾಳು ಇಡಲಿಲ್ಲ. ತನ್ನ ಮನೆಯ ಮಡಕೆಯಲ್ಲೂ ಅದನ್ನು ತುಂಬಿಡಲಿಲ್ಲ. ಶೆಟ್ಟಿಹಳ್ಳಿಯ ಹಬ್ಬಗಳಿಂದ ಹೆಸರುಕಾಳು ಹೇಗೆ ಮಾಯವಾಯಿತೆಂದು ಊರಿನವರಿಗೆ ತಿಳಿಯಲೂ ಇಲ್ಲ.

ಅರವತ್ತೆರಡರಲ್ಲಿ ವರಲಕ್ಷ್ಮಮ್ಮ ಬಸುರಿಯಾದಳು. ಏಳು ತುಂಬುವಾಗ ತವರಿನಲ್ಲಿ ಬಳೆ ತೊಡಿಸಬೇಕು, ಬೀಗರು ಬಂದು ಉಣ್ಣಬೇಕು. ಉಂಡು, ಎಲೆ ಅಡಿಕೆ ಹಾಕಿಕೊಂಡ ಮೇಲೆ ಅವರ ಮನೆಯ ಹಿರಿತಲೆ "ಇರು ಮಗ" ಅಂದರೆ ಹುಡುಗಿ ಬಾಣಂತನಕ್ಕೆ ಅಲ್ಲೇ ಉಳಿಯುತ್ತಾಳೆ. ಹಿರಿತಲೆ ಉಣ್ಣದೆ ಎದ್ದರೆ ಬಂದ ಗಾಡಿಯಲ್ಲೇ ಹುಡುಗಿಯೂ ಹೊರಡಬೇಕು. ಚೊಚ್ಚಲ ಹೆರಿಗೆಗೂ ಮಗಳು ತನ್ನ ಕೈಗೆ ಸಿಗುವುದಿಲ್ಲವೇನೋ ಎಂದು ಮುನಿಕೆಂಪಮ್ಮನಿಗೆ ಅನ್ನ ಸೇರದಾಯಿತು.

ಕರೆಯಲು ಆಕೆ ತಾನೇ ಹೋದಳು. ಯಲಹಂಕದ ತನಕ ನೂರುಲ್ಲಾನ ಜಟಕಾ, ಅಲ್ಲಿಂದ ದೇವನಹಳ್ಳಿ ಬಸ್ಸು. ದೊಡ್ಡಮುನಿಯಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮುನಿಕೆಂಪಮ್ಮ ಅರಿಶಿನ ಕುಂಕುಮ ಕೊಟ್ಟು, ಕೂರು ಎನ್ನುವುದಕ್ಕೂ ಕಾಯದೆ ಕೆಳಗೆ ಕೂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನೆಲ್ಲ ಮರೆತು ಒಂದೇ ಉಸಿರಿಗೆ ಹೇಳಿದಳು.

"ದೊಡ್ಡವ್ವ, ಅವತ್ತು ನಿಮ್ಗೆ ಅಂತ್ಲೇ ಎಸ್ರುಕಾಳು ಸಾರು ಗೊತ್ತು ಮಾಡಿದ್ದೆ. ಕೋಳಿ ತಿಂದ್ಬುಡ್ತು."

"ಸಾರ್ನಾ?"

"ಇಲ್ಲ, ಕಾಳ್ನ. ಮೊರದಲ್ಲಿ ಇಟ್ಟಿದ್ದೆ. ಬೈರಮ್ಮಂಗೆ ಗೊತ್ತಾಗ್ಲಿಲ್ಲ."

ಅಜ್ಜಿ ಒಂದು ಕಾಯಿ ಸುಲಿದು ಮುಗಿಸಿ ಕೇಳಿದಳು. "ಯಾವ್ ಕೋಳಿ?"

"ಕೆಂಪು ಹ್ಯಾಟೆ. ಅವತ್ತೇ ಸಾರಾಯ್ತು."

"ಅಂಗಾರೆ ಸಾಕ್ಷಿ ನಮ್ಮೋರ್ ಒಟ್ಟೆ ಒಳಕ್ಕೇ ಓಯ್ತು ಅನ್ನು." ಅಜ್ಜಿಯ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಮೂರು ವರ್ಸ ಯಾಕೆ ಬಾಯಿ ಬಿಡ್ಲಿಲ್ಲ?"

"ನಾಚ್ಕೆ ಆಯ್ತು ದೊಡ್ಡವ್ವ. ಊರಿಗೆಲ್ಲ ಮೊರ ಮುಚ್ಚಿ ಕೊಡೋಳು, ನನ್ ಮಗಳ ಬೀಗ್ರೂಟದಲ್ಲಿ ಮುಚ್ದೇ ಬಿಟ್ಟೆ. ಎಂಗೆ ಬಂದು ನಿಮ್ ಮುಂದೆ ನಿಂತ್ಕಳ್ಲಿ?"

ಒಳಗಿನಿಂದ ವರಲಕ್ಷ್ಮಮ್ಮ ನೀರಿನ ಚೊಂಬು ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು. ಅಜ್ಜಿ ಸಿಪ್ಪೆ ಕೊಡವಿಕೊಂಡು ಎದ್ದಳು. "ಬತ್ತೀನಿ. ಆದ್ರೆ ನನ್ ಊಟ ನಾನೇ ಕಟ್ಕಂಡ್ ಬತ್ತೀನಿ."

ಬೀಗರ ಮನೆಗೆ ಬುತ್ತಿ ಕಟ್ಟಿಕೊಂಡು ಬರುವುದೆಂದರೆ ಉಗಿದ ಹಾಗೆಯೇ. ಮುನಿಕೆಂಪಮ್ಮ ಬಸ್ಸಿನಲ್ಲಿ ಮುಖಕ್ಕೆ ಸೆರಗು ಹಾಕಿಕೊಂಡು ಕೂತು ಬಂದಳು. ಬ್ಯಾಟರಾಯಪ್ಪನಿಗೆ ಹೇಳಿದರೆ ಅವನು ಗಡ್ಡ ಕೆರೆದುಕೊಂಡು, "ಓಗ್ಲಿ ಬಿಡು, ಒಬ್ರಿಗೆ ಅಡ್ಗೆ ಕಮ್ಮಿ ಆಯ್ತು" ಎಂದ. ಆ ದಿನ ಅವನಿಗೆ ಮುದ್ದೆಯ ಜೊತೆ ಸಾರು ಬೀಳಲಿಲ್ಲ.

ಮೂರು ದಿನ ಆಕೆ ಮೊರದ ಮುಂದೆ ಕೂತಳು. ಬರುವವರು ಯಾರು ಎಂದು ಗೊತ್ತು, ಗಾಡಿಯಲ್ಲಿ ಬರುತ್ತಾರೆ ಎಂದು ಗೊತ್ತು, ಹಿಂದಿನ ದಿನ ಅವರ ಮನೆಯಲ್ಲಿ ಅವರೆಕಾಳು ಸಾರೆಂದೂ ಗೊತ್ತು. ಆದ್ದರಿಂದ ಅವರೆ ಬೇಡ. ಬಸುರಿಯ ಶಾಸ್ತ್ರ, ಹೇಗೂ ಬಾಡಿಲ್ಲ. ತೊಗರಿಬೇಳೆ ಇಟ್ಟಳು, ಒಬ್ಬಟ್ಟು ಮತ್ತು ಅದರ ಕಟ್ಟಿನ ಸಾರು. ಅಕ್ಕಿಯ ಮೇಲೆ ಒಂದು ನಿಂಬೆ ಎಲೆ ಇಟ್ಟಳು, ಚಿತ್ರಾನ್ನ. ಬೆಲ್ಲದ ಚೂರು, ಕಡಲೆಬೇಳೆ, ಹಪ್ಪಳದ ಚೂರು. ಹುಣಸೆಬೀಜ ಆರು. ಎಲ್ಲ ಸರಿಯಾಗಿತ್ತು. ಪಕ್ಕದ ಮನೆಯಿಂದ ಒಂದು ಹಿಡಿ ಹೆಸರುಕಾಳು ಇಸಕೊಂಡು ಬಂದು ಮೊರದ ಮೂಲೆಯಲ್ಲಿ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ತಾನು ಹೆಸರುಕಾಳು ಸಾರು ಮಾಡಿಸಿ, ಅಜ್ಜಿ ಅದರ ಮುಂದೆಯೇ ತನ್ನ ಬುತ್ತಿ ಬಿಚ್ಚಿದರೆ ಆ ಸಾರೇ ಅಜ್ಜಿಯನ್ನು ಹಂಗಿಸಿದ ಹಾಗಾಗುತ್ತದೆ ಎಂದುಕೊಂಡು ಕಾಳನ್ನು ಪಕ್ಕದ ಮನೆಗೇ ವಾಪಸು ಕೊಟ್ಟಳು. ಆ ಮೊರವನ್ನು ಮುಚ್ಚಿ, ಮೇಲೊಂದು ಕಲ್ಲು ಹೇರಿ, ಊರಿನ ಕೋಳಿಗಳನ್ನೆಲ್ಲ ಬೈಯುತ್ತಾ ತಾನೇ ಬೈರಮ್ಮನ ಕೈಗೆ ಕೊಟ್ಟು ಬಂದಳು.

ಶಾಸ್ತ್ರದ ದಿನ ಚಿಕ್ಕಜಾಲದ ಗಾಡಿಗಳು ಹೊತ್ತೇರುವ ಮೊದಲೇ ಬಂದವು. ಮೊದಲ ಗಾಡಿಯಿಂದ ದೊಡ್ಡಮುನಿಯಮ್ಮ ಇಳಿದಳು. ಕಂಕುಳಲ್ಲಿ ಬಿಳಿಯ ಬಟ್ಟೆಯ ಗಂಟು. ನೆಂಟರೆಲ್ಲ ಆ ಗಂಟನ್ನೇ ನೋಡಿದರು, ನೋಡದ ಹಾಗೆ ನಟಿಸಿದರು. ವರಲಕ್ಷ್ಮಮ್ಮನಿಗೆ ಹಸಿರು ಬಳೆ ತೊಡಿಸಿದರು, ಆರತಿ ಎತ್ತಿದರು, ಮಡಿಲು ತುಂಬಿದರು. ಅಜ್ಜಿ ಎಲ್ಲದಕ್ಕೂ ಕೈ ಜೋಡಿಸಿದಳು, ಗಂಟನ್ನು ಮಾತ್ರ ಕೆಳಗೆ ಇಡಲಿಲ್ಲ.

ಅರವತ್ತು ಎಲೆ ಹಾಕಿದರು. ಹಿರಿಯರ ಎಲೆಗೆ ಕೈ ಬೀಳದೆ ಉಳಿದವರು ತುತ್ತು ಎತ್ತುವ ಹಾಗಿಲ್ಲ. ದೊಡ್ಡಮುನಿಯಮ್ಮ ಮೊದಲ ಎಲೆಯ ಮುಂದೆ ಕೂತಳು. ಬಡಿಸಲು ಬಂದವರನ್ನು ತಡೆದು ಗಂಟನ್ನು ಎಲೆಯ ಮೇಲೆಯೇ ಇಟ್ಟಳು. ಮುನಿಕೆಂಪಮ್ಮ ಕಂಬ ಹಿಡಿದುಕೊಂಡು ನಿಂತಿದ್ದಳು. ಅಜ್ಜಿ ಒಂದು ಗಂಟು ಬಿಚ್ಚಿದಳು. ಅದರ ಕೆಳಗೆ ಇನ್ನೊಂದು ಗಂಟು. ಅದನ್ನೂ ಬಿಚ್ಚಿದರೆ ಮತ್ತೊಂದು. ಉಗುರಿನಲ್ಲಿ ಆಗದೆ ಹಲ್ಲಿನಲ್ಲಿ ಕಚ್ಚಿ ಎಳೆದಳು.

ಬಟ್ಟೆಯೊಳಗೆ ಹಸಿ ಹೆಸರುಕಾಳು ಇತ್ತು. ಒಂದು ಸೇರು ಇರಬಹುದು, ಕಲ್ಲು ಕಡ್ಡಿ ಆರಿಸಿ ಹಸನು ಮಾಡಿದ್ದು.

"ಏನ್ ನೋಡ್ತಾ ನಿಂತ್ಕಂಡೆ ಕೆಂಪಮ್ಮ? ಬೇಯ್ಸು" ಎಂದಳು ಅಜ್ಜಿ. "ಇದು ಅವತ್ತಿನ ಊಟ. ಮೊದ್ಲು ಅದು ಮುಗೀಲಿ, ಆಮ್ಯಾಕೆ ಇವತ್ತಿಂದು. ಕೋಳಿ ಬಿಚ್ಚಾಕಾಗ್ಬಾರ್ದು ಅಂತ ಮೂರು ಗಂಟು ಆಕಿವ್ನಿ."

ಯಾರಿಗೆ ಮೊದಲು ನಗು ಬಂತೋ ತಿಳಿಯದು. ರಾಮಕೃಷ್ಣಪ್ಪ ನಕ್ಕ, ಬೈರಮ್ಮ ಒಲೆಯ ಹತ್ತಿರದಿಂದಲೇ ನಕ್ಕಳು. ಮುನಿಕೆಂಪಮ್ಮ ನಗಲು ಹೋಗಿ ಅತ್ತುಬಿಟ್ಟಳು.

"ಇಷ್ಟು ಜನ ಎಲೆ ಮುಂದೆ ಕಾಯ್ಬೇಕಲ್ಲ ದೊಡ್ಡವ್ವ."

"ನಾನು ಮೂರು ವರ್ಸ ಕಾಯ್ಲಿಲ್ವಾ? ನೀನಾಗೆ ಬಂದು ಏಳ್ತೀಯ ಅಂತ ಕಾಯ್ತಿದ್ದೆ ಕಣವ್ವ. ಇವ್ರು ಒಂದ್ ಗಳ್ಗೆ ಕಾಯ್ಲಿ, ಏನೂ ಸಾಯಾಕಿಲ್ಲ."

ಮುನಿಕೆಂಪಮ್ಮ ಕಾಳನ್ನು ಸೆರಗಿಗೆ ಸುರಿದುಕೊಂಡು ಅಡುಗೆಮನೆಗೆ ಓಡಿದಳು. ಬೈರಮ್ಮ ಪಕ್ಕಕ್ಕೆ ಸರಿದು ಸೌಟು ಆಕೆಯ ಕೈಗೆ ಕೊಟ್ಟು, "ಯಾರ್ ಬೇಕಾದ್ರೂ ತಿರುಗುಸ್ತಾರೆ ಅಂತಿದ್ದಲ್ಲಕ್ಕ, ತಿರುಗ್ಸು ನೋಡಾನ" ಎಂದಳು. ಊರಿನ ಅಷ್ಟೊಂದು ಊಟಗಳನ್ನು ಗೊತ್ತು ಮಾಡಿದವಳು ಪಂಕ್ತಿಯ ಊಟವೊಂದಕ್ಕೆ ತನ್ನ ಕೈಯಿಂದ ಅಡುಗೆ ಮಾಡಿದ್ದು ಅದೇ ಮೊದಲು. ಕಾಳು ಬೇಯುವ ತನಕ ಅರವತ್ತು ಜನ ಖಾಲಿ ಎಲೆಯ ಮುಂದೆ ಕೂತು, ಕೆಂಪು ಹ್ಯಾಟೆಯ ಕಥೆಯನ್ನು ಅಜ್ಜಿಯ ಬಾಯಲ್ಲಿ ಎರಡೆರಡು ಸಲ ಹೇಳಿಸಿಕೊಂಡು ಕೇಳಿದರು. ಅವತ್ತು ಕೋಳಿ ಸಾರು ಉಂಡಿದ್ದ ಗಂಡಸರೆಲ್ಲ, ಆ ಹ್ಯಾಟೆ ತಮ್ಮ ಎಲೆಗೇ ಬಿದ್ದದ್ದು ಎಂದು ಜಗಳಕ್ಕೆ ನಿಂತರು.

ಸಾರು ಬಂತು. ಅಜ್ಜಿ ಅನ್ನಕ್ಕೆ ಕಲೆಸಿ ಮೊದಲ ತುತ್ತು ಬಾಯಿಗಿಟ್ಟಳು.

"ಉಪ್ಪು ಜಾಸ್ತಿ" ಎಂದಳು. ಎಂದವಳೇ ಎಲೆ ತೋರಿಸಿದಳು. "ಇನ್ನೊಂದ್ ಸೌಟು ಆಕು."

ಆಮೇಲೆ ಒಬ್ಬಟ್ಟನ್ನೂ ಚಿತ್ರಾನ್ನವನ್ನೂ ಬಿಡದೆ ಉಂಡಳು. ಕೈ ತೊಳೆದು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಸೋರೆ ಬುರುಡೆಯಷ್ಟು ಹೊಟ್ಟೆ ಹೊತ್ತು ಬಾಗಿಲಲ್ಲಿ ನಿಂತಿದ್ದ ವರಲಕ್ಷ್ಮಮ್ಮನನ್ನು ಹತ್ತಿರ ಕರೆದು ಕೆನ್ನೆ ಸವರಿದಳು. "ಇರು ಮಗ" ಎಂದಳು.

ಗಾಡಿಗಳು ಹೊರಟವು. ವರಲಕ್ಷ್ಮಮ್ಮ ಒಳಗೆ ಹೋಗಿ, ಮೂರು ವರ್ಷದಿಂದ ಸುತ್ತಿಟ್ಟಿದ್ದ ತನ್ನ ಚಾಪೆಯನ್ನು ತಾನೇ ಕೆಳಗಿಳಿಸಿದಳು. ಮುನಿಕೆಂಪಮ್ಮ ಖಾಲಿ ಮೊರವನ್ನು ತೊಳೆದು ಒರೆಸಿ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಮಾರನೆಯ ದಿನ ಹಬ್ಬವಿರಲಿಲ್ಲ, ನೆಂಟರಿರಲಿಲ್ಲ, ನಡೆದು ಬರುವವರೂ ಗಾಡಿಯಲ್ಲಿ ಬರುವವರೂ ಇರಲಿಲ್ಲ. ಆದರೂ ಆಕೆ ಮಡಕೆಗಳ ಕಡೆ ಕೈ ಚಾಚಿ, ಒಳಗೆ ಕೂಗಿ ಕೇಳಿದಳು.

"ನಾಳೆ ಏನ್ ಮಾಡ್ಲಿ ಮಗ ನಿಂಗೆ?"